ಕುದ್ಮುಲ್ ರಂಗರಾಯರು

ಇಂದು ನಮ್ಮ ನಾಡಿನಲ್ಲಿ ಆರು ವರ್ಷ ತುಂಬಿದ ಯಾವ ಮಗುವೇ ಆಗಲಿ, ಜಾತಿಮತಗಳ ಭೇದವಿಲ್ಲದೆ ಶಾಲೆಯ ಹೊಸ್ತಿಲನ್ನು ದಾಟಿ ಒಳಗೆ ಬರಬಹುದು. ಹಾಗೆ ಬಂದ ಮಗುವಿಗೆ ಓದಲು ಪುಸ್ತಕವುಂಟು, ಮಧ್ಯಾಹ್ನದ ಊಟವುಂಟು, ಎಲ್ಲರೊಡನೆ ಸಮನಾಗಿ ಕುಳಿತುಕೊಳ್ಳಲು ಸ್ಥಳವುಂಟು. ಇದು ನಮಗೆ ಅತಿ ಸಹಜವಾದ ಸಂಗತಿಯೆಂದು ತೋರುತ್ತದೆ. ಆದರೆ ಸುಮಾರು ಒಂದೂಮುಕ್ಕಾಲು ಶತಮಾನದ ಹಿಂದೆ ಹೀಗಿರಲಿಲ್ಲ. 1856ರಲ್ಲಿ ಧಾರವಾಡದಲ್ಲಿ ಅಸ್ಪೃಶ್ಯರೆನಿಸಿದ್ದ ಜಾತಿಯೊಂದರ ಬಾಲಕನು ತನ್ನನ್ನು ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಅರ್ಜಿ ಸಲ್ಲಿಸಿದನು. ಅವನ ಕೋರಿಕೆ ನ್ಯಾಯವಾದುದೆಂದು ಬೊಂಬಾಯಿ ಸರ್ಕಾರವು ಒಪ್ಪಿಕೊಂಡಿತು. ಆದರೂ ಅವನೊಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲರೂ ಶಾಲೆಯನ್ನು ಬಿಟ್ಟುಹೋದಾರೆಂಬ ಅಂಜಿಕೆಯಿಂದ ಬಾಗಿಲನ್ನು ತೆರೆಯಲಿಲ್ಲ. ಸರ್ಕಾರದ ವೆಚ್ಚದಲ್ಲಿ ನಡೆಯುವ ಶಾಲೆಗಳು ಎಲ್ಲರಿಗೂ ತೆರೆದಿರಬೇಕೆಂಬ ನಿಯಮವು ಅನಂತರ ಬಂದಿತಾದರೂ, ಕಾಗದದ ಮೇಲಿನ ನಿಯಮಕ್ಕೂ ಊರಿನ ಶಾಲೆಯ ಜಗಲಿಗೂ ನಡುವಣ ದೂರ ಬಹಳವಾಗಿತ್ತು.

ಆ ದೂರವನ್ನು ಸರ್ಕಾರದ ಅಧಿಕಾರಬಲದಿಂದಲ್ಲದೆ, ಸಿರಿವಂತಿಕೆಯ ಬಲದಿಂದಲೂ ಅಲ್ಲದೆ, ತಾವು ನಂಬಿದ ಧರ್ಮದ ಬಲದಿಂದ ಮತ್ತು ತಮ್ಮ ಸಂಸಾರದ ಸುಖವನ್ನೇ ಪಣವಾಗಿಟ್ಟು ಕಡಿಮೆ ಮಾಡಲು ಹೊರಟವರಲ್ಲಿ ಮಂಗಳೂರಿನ ಕುದ್ಮುಲ್ ರಂಗರಾಯರು ಪ್ರಾತಃಸ್ಮರಣೀಯರು. ಅವರು ತೆರೆದುದು ಬಾಡಿಗೆಯ ಮನೆಯೊಂದರಲ್ಲಿ ನಡೆಯುತ್ತಿದ್ದ ಒಂದು ಚಿಕ್ಕ ಖಾಸಗಿ ಶಾಲೆ. ಆ ಚಿಕ್ಕ ಶಾಲೆಯನ್ನು ಉಳಿಸಿಕೊಳ್ಳುವುದಕ್ಕಾಗಿ ಅವರು ಏನನ್ನು ಕೊಡಬೇಕಾಯಿತು, ಮಕ್ಕಳನ್ನು ಕಳುಹಿಸಿದ ಬಡ ತಾಯಿತಂದೆಗಳು ಏನನ್ನು ಕೊಡಬೇಕಾಯಿತು ಎಂಬುದೇ ಅವರ ಜೀವನದ ಕಥೆ.

ರಂಗರಾಯರು 1859ರ ಜೂನ್ 29ರಂದು ಕಾಸರಗೋಡಿನ ಬಡ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ಕಾಸರಗೋಡು ಆಗ ಮದರಾಸು ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಭಾಗವಾಗಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಅದು ಕೇರಳಕ್ಕೆ ಸೇರಿತು. ಬಾಲ್ಯವು ಕಳೆಯುವಷ್ಟರಲ್ಲಿ ತಂದೆ ತೀರಿಕೊಂಡುದರಿಂದ ಸಂಸಾರದ ಭಾರವು ಎಳೆಯ ಹೆಗಲಿನ ಮೇಲೆ ಬಿದ್ದಿತು. ಜೀವನೋಪಾಯವನ್ನು ಅರಸಿಕೊಂಡು ಅವರು ಮಂಗಳೂರಿಗೆ ಬಂದರು. ಅಲ್ಲಿ ದೊರೆತುದು ತಿಂಗಳಿಗೆ ಎಂಟು ರೂಪಾಯಿ ಸಂಬಳದ ಉಪಾಧ್ಯಾಯವೃತ್ತಿ. ಪಾಠ ಹೇಳುತ್ತಲೇ ತಾವೂ ಓದಿ, ಕಾನೂನಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಅವರು ವಕೀಲರಾದರು. ವಕೀಲಿಯಲ್ಲಿ ಹಣ ಗಳಿಸುವ ಮಾರ್ಗಗಳು ಹಲವಿದ್ದರೂ ರಂಗರಾಯರ ಬಳಿಗೆ ಹೆಚ್ಚಾಗಿ ಬರುತ್ತಿದ್ದವರು ಬಡವರು. ಸತ್ಯವಿಲ್ಲದ ಮೊಕದ್ದಮೆಯನ್ನು ಅವರು ಹಿಡಿಯುತ್ತಿರಲಿಲ್ಲ. ಹೀಗಾಗಿ ಬಡವರ ವಕೀಲರೆಂಬ ಹೆಸರು ಅವರಿಗೆ ಬಂದಿತು.

ಆ ಕಾಲದ ಮಂಗಳೂರು ಹೊಸ ವಿಚಾರಗಳು ಹಲವು ದಿಕ್ಕುಗಳಿಂದ ಬಂದು ಸೇರುತ್ತಿದ್ದ ಪಟ್ಟಣವಾಗಿತ್ತು. 1834ರಲ್ಲಿಯೇ ಅಲ್ಲಿಗೆ ಬಂದಿದ್ದ ಬಾಸೆಲ್ ಮಿಷನ್ನಿನವರು ಶಾಲೆಗಳನ್ನೂ ಮುದ್ರಣಾಲಯವನ್ನೂ ನೇಯ್ಗೆ ಮತ್ತು ಹಂಚಿನ ಕಾರ್ಖಾನೆಗಳನ್ನೂ ನಡೆಸುತ್ತಿದ್ದರು. ಅತ್ತ ಬಂಗಾಳದಲ್ಲಿ ರಾಜಾ ರಾಮಮೋಹನರಾಯರು 1828ರಲ್ಲಿ ಹುಟ್ಟುಹಾಕಿದ್ದ ಬ್ರಹ್ಮಸಮಾಜದ ಕಿರಣಗಳೂ ಇಲ್ಲಿಗೆ ತಲುಪಿದವು. ಬಿಲ್ಲವ ಸಮಾಜದ ಮುಂದಾಳು ಅರಸಪ್ಪನವರ ಕರೆಯ ಮೇರೆಗೆ 1870ರಲ್ಲಿ ಕಲ್ಕತ್ತೆಯಿಂದ ಬ್ರಹ್ಮಸಮಾಜದ ಪ್ರಚಾರಕರು ಮಂಗಳೂರಿಗೆ ಬಂದರು. ಆಗ ಹತ್ತಿದ ಕಿಡಿಯನ್ನು ಆರದಂತೆ ಕಾಪಾಡಿಕೊಂಡವರು ಉಳ್ಳಾಲ ರಘುನಾಥಯ್ಯನವರು. ದೇವರು ಒಬ್ಬನೇ, ಅವನು ನಿರಾಕಾರನು, ಅವನ ಮುಂದೆ ಮೇಲುಜಾತಿ ಕೀಳುಜಾತಿಗಳಿಲ್ಲ ಎಂಬುದು ಆ ಸಮಾಜದ ತಿರುಳು. ರಘುನಾಥಯ್ಯನವರ ಸಹವಾಸದಿಂದ ರಂಗರಾಯರು ಬ್ರಹ್ಮಸಮಾಜವನ್ನು ಸೇರಿದರು.

ದೇವರ ಮುಂದೆ ಎಲ್ಲರೂ ಸಮಾನರೆಂದು ಪ್ರಾರ್ಥನಾಮಂದಿರದಲ್ಲಿ ಕುಳಿತು ನಂಬುವುದು ಸುಲಭ. ಆ ನಂಬಿಕೆಯನ್ನು ಬೀದಿಗೆ ತಂದು ನಡೆದು ತೋರಿಸುವುದು ಕಷ್ಟ. ಬೀದಿಯಲ್ಲಿ ರಂಗರಾಯರು ಕಂಡುದೇನು? ತುಳುನಾಡಿನ ಸಮೃದ್ಧವಾದ ಗದ್ದೆತೋಟಗಳಲ್ಲಿ ದುಡಿಯುವ ಕೈಗಳು ಯಾವ ಜನರವೋ ಆ ಜನರಿಗೆ ಸ್ವಂತವೆನ್ನಲು ಒಂದು ಅಂಗೈಯಗಲದ ನೆಲವಿರಲಿಲ್ಲ. 1843ರ ಕಾಯಿದೆಯಿಂದ ಗುಲಾಮಗಿರಿಯು ಕಾನೂನಿನ ದೃಷ್ಟಿಯಲ್ಲಿ ಕೊನೆಗೊಂಡಿದ್ದರೂ ತಲೆತಲಾಂತರದಿಂದ ಒಂದೇ ಒಡೆಯನ ಮನೆಗೆ ಕಟ್ಟುಬಿದ್ದು ದುಡಿಯುವ ಮೂಲದ ಆಳುಗಳ ಪದ್ಧತಿಯು ಉಳಿದುಕೊಂಡೇ ಇತ್ತು. ಬುಟ್ಟಿ ಹೆಣೆದು ಬದುಕುವ ಕೊರಗರ ಪಾಡಂತೂ ಹೇಳತೀರದು. ಅವರನ್ನು ಅವಮಾನಕ್ಕೆ ಗುರಿಪಡಿಸುತ್ತಿದ್ದ ಅಜಲು ಎಂಬ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಸರ್ಕಾರವು 2000ದಷ್ಟು ಈಚಿನ ವರ್ಷದಲ್ಲಿ ಕಾಯಿದೆಯನ್ನು ಮಾಡಬೇಕಾಯಿತೆಂದರೆ ಆ ರೂಢಿಯ ಬೇರು ಎಷ್ಟು ಆಳಕ್ಕಿಳಿದಿತ್ತೆಂಬುದನ್ನು ಊಹಿಸಿಕೊಳ್ಳಬಹುದು.

ಇಂತಹ ಸಮಾಜದಲ್ಲಿ ಹೇಗೋ ನಾಲ್ಕಕ್ಷರ ಕಲಿತ ದಲಿತ ತರುಣನೊಬ್ಬನಿಗೆ ಮಂಗಳೂರಿನ ನ್ಯಾಯಾಲಯದಲ್ಲಿ ಜವಾನನ ಕೆಲಸ ದೊರೆಯಿತು. ಅದೊಂದು ಅತಿ ಸಣ್ಣ ಕೆಲಸ. ಆದರೂ ಅವನು ನ್ಯಾಯಾಲಯದ ಒಳಗೆ ಓಡಾಡುವುದನ್ನು ಮೇಲುಜಾತಿಯವರು ಸಹಿಸದೆ ಪ್ರತಿಭಟಿಸಿದರು. ನ್ಯಾಯವನ್ನು ಅಳೆದು ಕೊಡಬೇಕಾದ ಕಟ್ಟಡದಲ್ಲಿಯೇ ನಡೆದ ಈ ಅನ್ಯಾಯವು ವಕೀಲರಾದ ರಂಗರಾಯರ ಮನಸ್ಸನ್ನು ಕಲಕಿತು. ಒಬ್ಬನ ಪರವಾಗಿ ವಾದಿಸಿ ಗೆದ್ದರೆ ಒಬ್ಬನಿಗೆ ನ್ಯಾಯ ದೊರಕೀತು. ಆದರೆ ಅಕ್ಷರವರಿಯದ ಸಾವಿರಾರು ಜನರ ಮೊಕದ್ದಮೆಯನ್ನು ಯಾವ ನ್ಯಾಯಾಲಯದಲ್ಲಿ ಹೂಡುವುದು? ಅವರು ಓದುಬರಹ ಕಲಿತು ತಮ್ಮ ಪರವಾಗಿ ತಾವೇ ನಿಲ್ಲುವಂತಾಗಬೇಕು. ಅದಕ್ಕೆ ಶಾಲೆಯೊಂದೇ ದಾರಿ ಎಂದು ಅವರು ನಿಶ್ಚಯಿಸಿದರು.

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಬಾಡಿಗೆಯ ಮನೆಯೊಂದನ್ನು ಹಿಡಿದು ರಂಗರಾಯರು ದಲಿತ ಮಕ್ಕಳಿಗಾಗಿ ಪ್ರಾಥಮಿಕ ಶಾಲೆಯನ್ನು ಆರಂಭಿಸಿದರು. ಮಹಾರಾಷ್ಟ್ರದಲ್ಲಿ ಜ್ಯೋತಿಬಾ ಫುಲೆ ದಂಪತಿಗಳು 1848ರಿಂದಲೇ ಇಂತಹ ಕೆಲಸವನ್ನು ತೊಡಗಿದ್ದರು. ಆದರೆ ನಮ್ಮ ಕರಾವಳಿಗೆ ಇದು ಹೊಸದು. ಶಾಲೆಯೆಂದರೆ ಮನೆ, ಮೇಷ್ಟರು, ಮಕ್ಕಳು ಎಂಬ ಮೂರು ಬೇಕು. ರಂಗರಾಯರಿಗೆ ಈ ಮೂರೂ ಕಷ್ಟದಿಂದಲೇ ದೊರೆಯಬೇಕಾಯಿತು.

ಮನೆಯ ವಿಷಯವನ್ನು ಮೊದಲು ನೋಡೋಣ. ದಲಿತ ಮಕ್ಕಳು ಕಲಿಯುವ ಶಾಲೆಗೆ ಮನೆಯನ್ನು ಬಾಡಿಗೆಗೆ ಕೊಡುವವರೇ ವಿರಳ. ಕೊಟ್ಟವರಿಗೂ ನೆರೆಹೊರೆಯವರ ಕಾಟ ತಪ್ಪಲಿಲ್ಲ. ವಿರೋಧವು ಮಿತಿಮೀರಿದಾಗ ಚಿಲಿಂಬಿಯ ಶಾಲೆಯನ್ನು ಮುಚ್ಚಿ ಬೇರೆಡೆಗೆ ಹೋಗಬೇಕಾಯಿತು. ಅಲ್ಲಿಯೂ ನೆಲೆ ನಿಲ್ಲಲಾಗದೆ ಮತ್ತೊಂದೆಡೆಗೆ ಸಾಗಬೇಕಾಯಿತು. ಹೀಗೆ ಊರೊಳಗೆ ಅಲೆದಲೆದು ಕೊನೆಗೆ ಕೊಡಿಯಾಲಬೈಲಿನಲ್ಲಿ ಆ ಶಾಲೆಗೆ ಸ್ಥಿರವಾದ ನೆಲೆ ಒದಗಿತು. ಮೇಷ್ಟರನ್ನು ಹುಡುಕುವುದೂ ಇಷ್ಟೇ ಕಷ್ಟವಾಯಿತು. ಮೇಲುಜಾತಿಯ ಉಪಾಧ್ಯಾಯರು ಆ ಮಕ್ಕಳ ಬಳಿ ಕುಳಿತು ಕೈಹಿಡಿದು ಬರೆಸಲು ಒಪ್ಪಲಿಲ್ಲ. ಒಪ್ಪಿ ಮುಂದೆ ಬಂದವರು ಕ್ರೈಸ್ತ ಉಪಾಧ್ಯಾಯರು. ಬ್ರಹ್ಮಸಮಾಜದವನೊಬ್ಬನ ಶಾಲೆಯಲ್ಲಿ ಕ್ರೈಸ್ತರು ಪಾಠ ಹೇಳುವುದು ಕೆಲವರಿಗೆ ವಿಚಿತ್ರವಾಗಿ ಕಂಡಿರಬಹುದು. ರಂಗರಾಯರಿಗೆ ಅದರಲ್ಲಿ ಅಡ್ಡಿಯೇನೂ ಕಾಣಲಿಲ್ಲ. ಅವರ ಧರ್ಮವು ಮಕ್ಕಳನ್ನು ತಮ್ಮ ಮತಕ್ಕೆ ಸೇರಿಸಿಕೊಳ್ಳುವ ಧರ್ಮವಾಗಿರಲಿಲ್ಲ. ಮಕ್ಕಳನ್ನು ಮನುಷ್ಯರ ಸಾಲಿಗೆ ಸೇರಿಸುವ ಧರ್ಮವಾಗಿತ್ತು. ಕೊಂಕಣಿಯನ್ನು ಮಾತನಾಡುವ ಮನೆತನದಲ್ಲಿ ಹುಟ್ಟಿದವರೊಬ್ಬರು, ಮನೆಯಲ್ಲಿ ತುಳುವಾಡುವ ಮಕ್ಕಳಿಗಾಗಿ, ಬೇರೊಂದು ಮತದ ಮೇಷ್ಟರ ಕೈಯಿಂದ ಕನ್ನಡದ ಅಕ್ಷರಮಾಲೆಯನ್ನು ಕಲಿಸಿದ ಈ ಶಾಲೆ ನಮ್ಮ ನಾಡಿನ ಶಿಕ್ಷಣದ ಇತಿಹಾಸದಲ್ಲಿ ಅಪೂರ್ವವಾದುದು.

ಮನೆಯೂ ದೊರೆಯಿತು, ಮೇಷ್ಟರೂ ದೊರೆತರು. ಆದರೆ ಮಕ್ಕಳನ್ನು ಕರೆತರುವುದು ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು. ಶಾಲೆಯ ಬಾಗಿಲನ್ನು ತೆರೆದಿಟ್ಟ ಮಾತ್ರಕ್ಕೆ ಮಕ್ಕಳು ಬರಲಿಲ್ಲ. ಇದಕ್ಕೆ ಕಾರಣವನ್ನು ತಿಳಿಯದವರು ಆ ಜನರಿಗೆ ವಿದ್ಯೆಯಲ್ಲಿ ಆಸಕ್ತಿಯಿಲ್ಲವೆಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದರು. ರಂಗರಾಯರು ಹಾಗೆ ಮಾಡಲಿಲ್ಲ. ಅವರು ಮಕ್ಕಳ ಮನೆಗಳ ಲೆಕ್ಕವನ್ನು ತಿಳಿದುಕೊಂಡರು.

ಆ ಲೆಕ್ಕ ಹೀಗಿತ್ತು. ಏಳೆಂಟು ವರ್ಷದ ಮಗುವೂ ದುಡಿಯುವ ಜೀವವೇ. ಹುಡುಗನಾದರೆ ಒಡೆಯನ ದನ ಕಾಯುವನು. ಹುಡುಗಿಯಾದರೆ ತಾಯಿ ಕೆಲಸಕ್ಕೆ ಹೋದಾಗ ಮನೆಯಲ್ಲಿ ಕೂಸನ್ನು ನೋಡಿಕೊಳ್ಳುವಳು, ಸೌದೆ ಸೊಪ್ಪು ತರುವಳು. ದುಡಿದ ಮಗುವಿಗೆ ಒಡೆಯನ ಮನೆಯಲ್ಲಿ ಒಂದು ಹೊತ್ತಿನ ಗಂಜಿಯಾದರೂ ಸಿಗುವುದು. ಅದನ್ನು ಶಾಲೆಗೆ ಕಳುಹಿಸಿದರೆ ಆ ಗಂಜಿಯೂ ಇಲ್ಲ, ದುಡಿಮೆಯೂ ಇಲ್ಲ. ಅದಕ್ಕಿಂತ ಮಿಗಿಲಾಗಿ, ಆಳಿನ ಮಗನು ಅಕ್ಷರ ಕಲಿಯುವುದನ್ನು ಒಡೆಯನು ಸಹಿಸದಿದ್ದರೆ ಇಡೀ ಕುಟುಂಬವೇ ಬೀದಿಗೆ ಬೀಳುವ ಭಯ. ನಮ್ಮಂಥವರಿಗೆ ಓದೇಕೆ ಎಂದು ತಾಯಿತಂದೆಗಳು ಕೇಳಿದರೆ ಅದು ಅಜ್ಞಾನದ ಪ್ರಶ್ನೆಯಾಗಿರಲಿಲ್ಲ, ಅನುಭವದ ಪ್ರಶ್ನೆಯಾಗಿತ್ತು.

ಶಾಲೆಯು ಬೇಕಾದುದು ಮಗುವಿಗೆ. ಆದರೆ ಅದರ ಬೆಲೆಯನ್ನು ತೆರುವುದು ಇಡೀ ಮನೆ. ಆದ್ದರಿಂದ ಮನೆಯನ್ನು ಬಿಟ್ಟು ಮಗುವನ್ನು ಮಾತ್ರ ಕರೆದರೆ ಪ್ರಯೋಜನವಿಲ್ಲವೆಂದು ರಂಗರಾಯರು ಮನಗಂಡರು. ಅವರು ಎರಡು ಏರ್ಪಾಡುಗಳನ್ನು ಮಾಡಿದರು. ಶಾಲೆಗೆ ಬಂದ ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಕೊಡುವುದು ಒಂದು. ಪ್ರತಿದಿನ ಬಂದ ಪ್ರತಿಯೊಂದು ಮಗುವಿಗೂ ಎರಡೆರಡು ಪೈಸೆ ಕೊಟ್ಟು ಕಳುಹಿಸುವುದು ಇನ್ನೊಂದು. ಅಂದಿನ ಲೆಕ್ಕದಲ್ಲಿ ಒಂದು ರೂಪಾಯಿಗೆ 16 ಆಣೆ, ಅಂದರೆ 64 ಪೈಸೆ. ತಿಂಗಳಲ್ಲಿ 24 ದಿನ ತಪ್ಪದೆ ಶಾಲೆಗೆ ಬಂದ ಮಗು ತನ್ನ ಮನೆಗೆ 48 ಪೈಸೆಗಳನ್ನು, ಎಂದರೆ 12 ಆಣೆಗಳನ್ನು ಒಯ್ಯುತ್ತಿತ್ತು. ರಂಗರಾಯರು ಉಪಾಧ್ಯಾಯರಾಗಿದ್ದಾಗ ಪಡೆಯುತ್ತಿದ್ದ ಸಂಬಳವೇ ಎಂಟು ರೂಪಾಯಿಯೆಂಬುದನ್ನು ನೆನೆದರೆ ಈ ಮೊತ್ತವು ಬಡವನ ಮನೆಗೆ ಎಷ್ಟು ದೊಡ್ಡದೆಂಬುದು ತಿಳಿಯುವುದು. ಆ ಎರಡು ಪೈಸೆಯು ದಾನವಾಗಿರಲಿಲ್ಲ. ತನ್ನ ಮಗುವಿನ ದುಡಿಮೆಯನ್ನು ತ್ಯಾಗಮಾಡಿದ ಮನೆಗೆ ಶಾಲೆಯು ಸಲ್ಲಿಸುತ್ತಿದ್ದ ಋಣವಾಗಿತ್ತು. ಮಧ್ಯಾಹ್ನದ ಊಟವನ್ನು ಸರ್ಕಾರಿ ಶಾಲೆಗಳಲ್ಲಿ ನಮ್ಮ ರಾಜ್ಯವು ಅಕ್ಷರ ದಾಸೋಹವೆಂಬ ಹೆಸರಿನಲ್ಲಿ ಆರಂಭಿಸಿದುದು 2002ರಲ್ಲಿ. ಅದಕ್ಕೆ ಸುಮಾರು ನೂರು ವರ್ಷಗಳ ಹಿಂದೆಯೇ, ಹಸಿದ ಹೊಟ್ಟೆಗೆ ಅಕ್ಷರ ಹತ್ತದೆಂಬ ಸತ್ಯವನ್ನು ಅರಿತು ಆಚರಿಸಿದ ದೂರದೃಷ್ಟಿ ರಂಗರಾಯರದು.

ಇಷ್ಟಾದ ಮೇಲೆ ಮಕ್ಕಳು ಬಂದರು. ಬರುವುದು ಬಿಡುವುದು ತಾಯಿತಂದೆಗಳ ಧೈರ್ಯದ ಮೇಲೆ ನಿಂತಿತ್ತು. ಒಡೆಯನ ಕಣ್ಣು ಕೆಂಪಾಗುವುದೆಂದು ತಿಳಿದೂ ಮಗನ ಕೈಗೆ ಬಳಪ ಕೊಡಿಸಿದ ಆ ಅನಾಮಿಕ ತಾಯಂದಿರ ಹೆಸರು ಯಾವ ಚರಿತ್ರೆಯ ಪುಸ್ತಕದಲ್ಲಿಯೂ ಇಲ್ಲ. ಶಾಲೆಯನ್ನು ಕಟ್ಟಿದ ಕೀರ್ತಿಯಲ್ಲಿ ಅವರಿಗೂ ಸಮಪಾಲು ಸಲ್ಲಬೇಕು.

ಇನ್ನು ರಂಗರಾಯರ ಸ್ವಂತ ಮನೆಯ ವಿಚಾರ. ಜಾತಿಯ ಕಟ್ಟನ್ನು ಮೀರಿದವನನ್ನು ಅಂದಿನ ಸಮಾಜವು ಒಬ್ಬಂಟಿಯಾಗಿ ದಂಡಿಸುತ್ತಿರಲಿಲ್ಲ; ಅವನ ಹೆಂಡತಿ ಮಕ್ಕಳನ್ನೂ ಕೂಡಿಸಿ ದಂಡಿಸುತ್ತಿತ್ತು. ರಂಗರಾಯರಿಗೆ ಸ್ವಜಾತಿಯವರು ಬಹಿಷ್ಕಾರವನ್ನು ಹಾಕಿದರು. ಬಹಿಷ್ಕಾರವೆಂದರೆ ಇಂದಿನವರಿಗೆ ಅದೊಂದು ಪದ ಮಾತ್ರ. ಆ ಕಾಲದಲ್ಲಿ ಅದು ದಿನನಿತ್ಯದ ಬಾಳನ್ನೇ ಬಿಗಿಹಿಡಿಯುವ ಉರುಳಾಗಿತ್ತು. ನೆಂಟರಿಷ್ಟರ ಮನೆಯ ಶುಭಕಾರ್ಯಕ್ಕೆ ಕರೆಯಿಲ್ಲ. ಕರೆದರೂ ಪಂಕ್ತಿಯಲ್ಲಿ ಎಲೆಯಿಲ್ಲ. ಮನೆಯಲ್ಲಿ ಸುಖದುಃಖಗಳು ಒದಗಿದಾಗ ಕೈನೀಡಲು ಬಂಧುಗಳಿಲ್ಲ. ದಲಿತರೊಡನೆ ಬೆರೆತವನೆಂದು ಬೀದಿಯಲ್ಲಿ ಹಂಗಿಸುವವರು, ಕಲ್ಲೆಸೆಯುವವರು ಬೇರೆ. ಪುರುಷನಾದವನು ಹೊರಗಿನ ಕೆಲಸದಲ್ಲಿ ಮುಳುಗಿ ಇದನ್ನು ಮರೆಯಬಹುದು. ಹಗಲೆಲ್ಲ ಮನೆಯಲ್ಲಿರುವ ಹೆಂಡತಿಗೆ, ಓರಗೆಯವರೊಡನೆ ಆಡಬಯಸುವ ಮಕ್ಕಳಿಗೆ ಮರೆಯಲು ಎಡೆಯೆಲ್ಲಿ? ಆ ಸಂಸಾರವು ಈ ಎಲ್ಲವನ್ನೂ ರಂಗರಾಯರೊಡನೆ ಸಹಿಸಿತು. ಶಾಲೆಗೆ ಮಕ್ಕಳನ್ನು ಕಳುಹಿಸಿದ ಮನೆಗಳಂತೆಯೇ ಶಾಲೆಯನ್ನು ನಡೆಸಿದ ಮನೆಯೂ ಬೆಲೆ ತೆತ್ತಿತು.

ಒಂದು ಶಾಲೆಯನ್ನು ಒಬ್ಬ ವ್ಯಕ್ತಿಯ ಉತ್ಸಾಹದ ಮೇಲೆ ನಿಲ್ಲಿಸಿದರೆ ಆ ವ್ಯಕ್ತಿಯೊಡನೆ ಅದೂ ಮುಗಿದುಹೋಗುವುದೆಂಬುದನ್ನು ಬಲ್ಲ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ತುಳಿತಕ್ಕೊಳಗಾದ ವರ್ಗಗಳ ಸೇವಾಸಂಘವೆಂದು ಇದರ ಅರ್ಥ. ನಮ್ಮ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಬೊಂಬಾಯಿಯಲ್ಲಿ ಇದೇ ಉದ್ದೇಶದ ಸಂಸ್ಥೆಯನ್ನು ಕಟ್ಟಿದುದು 1906ರಲ್ಲಿ. ಅದಕ್ಕೆ ಒಂಬತ್ತು ವರ್ಷ ಮೊದಲೇ ಮಂಗಳೂರಿನಲ್ಲಿ ಈ ಸಂಸ್ಥೆಯು ಹುಟ್ಟಿತೆಂಬುದು ಕನ್ನಡಿಗರು ಹೆಮ್ಮೆಪಡುವ ಸಂಗತಿ. ಕ್ರಮೇಣ ಮಂಗಳೂರಿನ ಅತ್ತಾವರ ಮೊದಲಾದ ಕಡೆಗಳಲ್ಲಿಯೂ ಹೊರಗಡೆ ಮೂಲ್ಕಿ, ಉಡುಪಿಗಳಲ್ಲಿಯೂ ಮಿಷನ್ನಿನ ಶಾಲೆಗಳು ತೆರೆದವು. ದೂರದ ಊರುಗಳಿಂದ ಬರುವ ಮಕ್ಕಳಿಗೆ ವಿದ್ಯಾರ್ಥಿನಿಲಯವೂ ಏರ್ಪಟ್ಟಿತು. ಹೆಣ್ಣುಮಕ್ಕಳ ಶಿಕ್ಷಣಕ್ಕೂ ಅವರು ಗಮನ ಕೊಟ್ಟರು. ಮೊದಲು ಮೇಷ್ಟರಿಗಾಗಿ ಪರದಾಡಿದ ಸಂಸ್ಥೆಯಲ್ಲಿ ಕಾಲಕ್ರಮದಲ್ಲಿ ಅಲ್ಲಿಯೇ ಕಲಿತ ದಲಿತ ತರುಣರು ಮೇಷ್ಟರಾದರು. ಶಾಲೆಯು ಫಲಕೊಟ್ಟಿತೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯವೇನು ಬೇಕು?

ಓದು ಕಲಿತ ಹುಡುಗನು ಮುಂದೇನು ಮಾಡಬೇಕು? ಅಕ್ಷರ ಬಂದರೂ ನೆಲವಿಲ್ಲದವನು ಮತ್ತೆ ಒಡೆಯನ ಅಂಗಳಕ್ಕೇ ಹೋಗಿ ನಿಲ್ಲಬೇಕಾಗುವುದು. ಇದನ್ನು ಮನಗಂಡು ರಂಗರಾಯರು ಪಾಠದೊಡನೆ ನೇಯ್ಗೆ, ಮರಗೆಲಸ ಮೊದಲಾದ ಕೈಕಸುಬುಗಳನ್ನು ಕಲಿಸುವ ವ್ಯವಸ್ಥೆ ಮಾಡಿದರು. ಸರ್ಕಾರದಿಂದ ಭೂಮಿಯನ್ನು ಕೇಳಿ ಪಡೆದು ನೆಲೆಯಿಲ್ಲದ ಕುಟುಂಬಗಳಿಗೆ ಮನೆ ಕಟ್ಟಿಕೊಳ್ಳಲು ನಿವೇಶನಗಳನ್ನು ಕೊಡಿಸಿದರು. ಸಾಲದ ಬಾಯಿಗೆ ಬೀಳದಿರಲೆಂದು ಸಹಕಾರ ಸಂಘವನ್ನು ಏರ್ಪಡಿಸಿದರು. ಸ್ಥಳೀಯ ಸಂಸ್ಥೆಗಳಲ್ಲಿ ದಲಿತರ ಪ್ರತಿನಿಧಿಗಳಿಗೂ ಸ್ಥಾನ ದೊರೆಯುವಂತೆ ಪ್ರಯತ್ನಿಸಿ ಸಫಲರಾದರು. ಹೀಗೆ ಒಂದು ಮಗುವಿನ ಕೈಗೆ ಬಳಪ ಕೊಡುವುದರಿಂದ ತೊಡಗಿದ ಕೆಲಸವು ಆ ಮಗುವಿನ ಮನೆಗೆ ನೆಲ, ತಂದೆಗೆ ಕಸುಬು, ಸಮಾಜಕ್ಕೆ ದನಿ ಕೊಡಿಸುವವರೆಗೆ ಬೆಳೆಯಿತು. ಇವೆಲ್ಲವೂ ಶಾಲೆಯ ಕೆಲಸವೇ ಎಂದು ಕೇಳಬಹುದು. ಮನೆಯು ನಿಲ್ಲದಿದ್ದರೆ ಶಾಲೆಯೂ ನಿಲ್ಲದೆಂಬುದೇ ರಂಗರಾಯರ ಅನುಭವವು ಕೊಡುವ ಉತ್ತರ.

ಜಾತಿಭೇದವನ್ನು ಅಳಿಸಬೇಕೆಂದು ಹೊರಗೆ ಹೇಳಿ ಒಳಗೆ ಅದನ್ನು ಪಾಲಿಸುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ರಂಗರಾಯರು ಆ ಗುಂಪಿಗೆ ಸೇರಿದವರಲ್ಲ. 1891ರಲ್ಲಿ ಹುಟ್ಟಿದ ಅವರ ಮಗಳು ರಾಧಾಬಾಯಿ, ಹೆಣ್ಣುಮಕ್ಕಳಿಗೆ ಅಕ್ಷರವೇ ಅನಗತ್ಯವೆಂದು ಬಗೆಯುತ್ತಿದ್ದ ಆ ದಿನಗಳಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿಯೂ ವ್ಯಾಸಂಗ ಮಾಡಿದರು. 1912ರಲ್ಲಿ ಆಕೆಯ ವಿವಾಹವು ತಮಿಳುನಾಡಿನ ಕುಮಾರಮಂಗಲದ ಜಮೀನ್ದಾರರಾದ ಪಿ. ಸುಬ್ಬರಾಯನ್ ಅವರೊಡನೆ ನಡೆಯಿತು. ಜಾತಿಯೂ ಬೇರೆ, ಭಾಷೆಯೂ ಬೇರೆ. ಇತರರ ಮಕ್ಕಳ ವಿಷಯದಲ್ಲಿ ಆಡಿದ ಮಾತನ್ನು ತಮ್ಮ ಮಗಳ ವಿಷಯದಲ್ಲಿಯೂ ರಂಗರಾಯರು ನಡೆಸಿ ತೋರಿಸಿದರು. ಸುಬ್ಬರಾಯನ್ ಅವರು 1926ರಿಂದ 1930ರವರೆಗೆ ಮದರಾಸು ಪ್ರಾಂತದ ಪ್ರಧಾನ ಮಂತ್ರಿಗಳಾಗಿದ್ದರು. ರಾಧಾಬಾಯಿಯವರು 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದ ಭಾರತೀಯ ಮಹಿಳೆಯರಿಬ್ಬರಲ್ಲಿ ಒಬ್ಬರಾದರು. 1938ರಲ್ಲಿ ಅಂದಿನ ಕೇಂದ್ರ ಶಾಸಕಾಂಗದ ಮೇಲ್ಮನೆಗೆ ಚುನಾಯಿತರಾದ ಮೊದಲ ಮಹಿಳೆಯೆನಿಸಿದರು. ಆಕೆಯ ಮಗ ಪಿ. ಪಿ. ಕುಮಾರಮಂಗಲಂ ಅವರು 1966ರಿಂದ 1969ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. ಒಂದು ಕಾಲದಲ್ಲಿ ಊರಿನವರು ಪಂಕ್ತಿಯಿಂದ ಹೊರಗಿಟ್ಟ ಮನೆಯ ಮಕ್ಕಳು ದೇಶದ ಸೇವೆಯಲ್ಲಿ ಮುಂದಿನ ಪಂಕ್ತಿಯಲ್ಲಿ ನಿಂತರು.

ಕಾಲಕ್ರಮದಲ್ಲಿ ರಂಗರಾಯರ ಕಾರ್ಯವು ನಾಡಿನ ಹಿರಿಯರ ಗಮನವನ್ನು ಸೆಳೆಯಿತು. ಸರ್ಕಾರವು ಅವರಿಗೆ ರಾವ್ ಸಾಹೇಬ್ ಎಂಬ ಬಿರುದನ್ನು ಕೊಟ್ಟಿತು. ದೇಶದ ನಾನಾ ಕಡೆಗಳಿಂದ ಸಮಾಜಸೇವಕರು ಬಂದು ಅವರ ಸಂಸ್ಥೆಯನ್ನು ಕಂಡು ಮೆಚ್ಚಿದರು. ಆದರೆ ಬಿರುದು ಬಂದ ಮೇಲೂ ಹಣದ ಅಡಚಣೆ ಅವರನ್ನು ಬಿಡಲಿಲ್ಲ. ಊಟ, ಪೈಸೆ, ಬಾಡಿಗೆ, ಸಂಬಳ ಇವು ದಿನದಿನವೂ ಬೇಕಾದವು. ತಮ್ಮ ಗಳಿಕೆಯನ್ನು ಸುರಿದು, ಸಾಲದುದಕ್ಕೆ ದಾನಿಗಳ ಮನೆಬಾಗಿಲಿಗೆ ನಡೆದು ಅವರು ಸಂಸ್ಥೆಯನ್ನು ಉಳಿಸಿಕೊಂಡರು. ಇಳಿವಯಸ್ಸಿನಲ್ಲಿ ದೇಹವು ಬಳಲಿದಾಗ, ಗೋಖಲೆಯವರು ಸ್ಥಾಪಿಸಿದ ಭಾರತ ಸೇವಕ ಸಮಾಜದವರಿಗೆ ಅದರ ಆಡಳಿತವನ್ನು ಒಪ್ಪಿಸಿದರು. ತಾವು ಸಾಕಿ ಬೆಳೆಸಿದ ಸಂಸ್ಥೆಯನ್ನು ತಮ್ಮದೆಂದು ಹಿಡಿದುಕೊಳ್ಳದೆ, ಅದನ್ನು ಬಾಳಿಸಬಲ್ಲವರ ಕೈಗಿತ್ತುದು ಅವರ ನಿರ್ಮಮತೆಗೆ ಸಾಕ್ಷಿ.

ಲೌಕಿಕದ ಹೊಣೆಯನ್ನು ಹೀಗೆ ಇಳಿಸಿದ ರಂಗರಾಯರು 1927ರಲ್ಲಿ ಸಂನ್ಯಾಸವನ್ನು ಸ್ವೀಕರಿಸಿ ಸ್ವಾಮಿ ಈಶ್ವರಾನಂದರೆಂಬ ಹೆಸರನ್ನು ಧರಿಸಿದರು. 1928ರ ಜನವರಿ 30ರಂದು ಅವರು ದೈವಾಧೀನರಾದರು. ಸಾವಿನಲ್ಲಿಯೂ ಅವರು ತಮ್ಮ ನಂಬಿಕೆಯನ್ನು ಬಿಟ್ಟುಕೊಡಲಿಲ್ಲ. ಊರಿನ ಕೊಳೆಯನ್ನು ತೊಳೆಯುವ ತೋಟಿಗಳೇ ತಮ್ಮ ಶವವನ್ನು ಹೊತ್ತು ಅಂತ್ಯಕ್ರಿಯೆ ನಡೆಸಬೇಕೆಂಬುದು ಅವರ ಕೊನೆಯ ಇಚ್ಛೆಯಾಗಿತ್ತು. ಯಾರ ನೆರಳನ್ನು ಜನರು ಮೈಲಿಗೆಯೆಂದು ಭಾವಿಸುತ್ತಿದ್ದರೋ ಅವರ ಹೆಗಲನ್ನೇರಿ ಅವರು ಕೊನೆಯ ಪಯಣವನ್ನು ಮಾಡಿದರು. ಮಂಗಳೂರಿನಲ್ಲಿ ಅವರ ಸಮಾಧಿಯಿದೆ.

ಅವರು ತೀರಿಕೊಂಡ ಆರು ವರ್ಷಗಳ ಮೇಲೆ, 1934ರ ಫೆಬ್ರವರಿಯಲ್ಲಿ, ಅಸ್ಪೃಶ್ಯತಾ ನಿವಾರಣೆಗಾಗಿ ದೇಶವನ್ನೆಲ್ಲ ಸುತ್ತುತ್ತಿದ್ದ ಮಹಾತ್ಮಾ ಗಾಂಧಿಯವರು ಮಂಗಳೂರಿಗೆ ಬಂದಾಗ ಈ ಸಂಸ್ಥೆಯನ್ನು ಸಂದರ್ಶಿಸಿದರು. ಗಾಂಧಿಯವರು ಭಾರತದ ಸಾರ್ವಜನಿಕ ಜೀವನಕ್ಕೆ ಕಾಲಿಡುವ ಎಷ್ಟೋ ಮೊದಲೇ ಈ ಮಾರ್ಗದಲ್ಲಿ ಒಂಟಿಯಾಗಿ ನಡೆದವರ ಸಂಸ್ಥೆ ಅದು. ಇಂದು ಮಂಗಳೂರಿನ ಪುರಭವನವು ಕುದ್ಮುಲ್ ರಂಗರಾಯರ ಹೆಸರನ್ನು ಹೊತ್ತಿದೆ. ಯಾರಿಗೆ ಶಾಲೆ ನಡೆಸಲು ಒಂದು ಬಾಡಿಗೆ ಮನೆಯನ್ನು ಕೊಡಲು ಊರು ಹಿಂಜರಿದಿತ್ತೋ ಅವರ ಹೆಸರನ್ನು ಅದೇ ಊರು ತನ್ನ ಪುರಭವನಕ್ಕಿಟ್ಟು ಗೌರವಿಸಿದೆ.

ಆದರೆ ಕಟ್ಟಡಗಳಿಗೆ ಹೆಸರಿಡುವುದು ರಂಗರಾಯರು ಬಯಸಿದ ಸ್ಮಾರಕವಲ್ಲ. ಅವರ ಬಯಕೆ ಬೇರೆಯಾಗಿತ್ತು. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ಮುಂದೆ ದೊಡ್ಡ ಅಧಿಕಾರಕ್ಕೆ ಬಂದು, ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗುವಂತಾಗಬೇಕು. ಆ ಕಾರಿನ ಚಕ್ರದಿಂದ ಏಳುವ ಧೂಳು ತಮ್ಮ ತಲೆಯ ಮೇಲೆ ಬೀಳಬೇಕು. ಆಗ ತಮ್ಮ ಜನ್ಮವು ಸಾರ್ಥಕವಾಯಿತೆಂದು ತಿಳಿಯುವೆನೆಂಬುದು ಅವರ ಹಂಬಲವಾಗಿತ್ತು. ಗುರುವಿನ ಪಾದಧೂಳಿಯನ್ನು ಶಿಷ್ಯನು ತಲೆಯಲ್ಲಿ ಧರಿಸುವುದು ನಮ್ಮ ಹಳೆಯ ಸಂಪ್ರದಾಯ. ಶಿಷ್ಯನ ದಾರಿಯ ಧೂಳನ್ನು ತಲೆಯಲ್ಲಿ ಧರಿಸಲು ಹಾತೊರೆದ ಗುರು ರಂಗರಾಯರು.

ಶಾಲೆಯ ಗೋಡೆಗಳು ಕಲ್ಲು ಸುಣ್ಣಗಳಿಂದ ಏಳುತ್ತವೆ. ಆದರೆ ಶಾಲೆಯು ನಿಲ್ಲುವುದು, ಮಕ್ಕಳನ್ನು ಕಳುಹಿಸುವ ಮನೆಗಳ ನಂಬಿಕೆಯ ಮೇಲೆ ಮತ್ತು ಅದನ್ನು ನಡೆಸುವವರ ಮನೆಯ ತ್ಯಾಗದ ಮೇಲೆ. ಬೆಳಿಗ್ಗೆ ಪುಸ್ತಕದ ಚೀಲವನ್ನು ಹೆಗಲಿಗೇರಿಸಿಕೊಂಡು ಶಾಲೆಗೆ ಬರುವ ಪ್ರತಿಯೊಬ್ಬ ವಿದ್ಯಾರ್ಥಿಯ ಹಿಂದೆಯೂ ಅವನ ದುಡಿಮೆಯನ್ನು ಬಯಸದೆ ಅವನ ಏಳಿಗೆಯನ್ನು ಬಯಸಿದ ಒಂದು ಮನೆಯಿರುತ್ತದೆ. ಚಿಲಿಂಬಿಯ ಬಾಡಿಗೆ ಮನೆಗೆ ಅಂಜುತ್ತಂಜುತ್ತ ಬಂದ ಮೊದಲ ಮಕ್ಕಳ ಹಿಂದೆಯೂ ಅಂತಹ ಮನೆಗಳಿದ್ದವು. ಆ ಮನೆಗಳನ್ನು ಗುರುತಿಸಿ, ಗೌರವಿಸಿ, ಅವುಗಳ ಋಣವನ್ನು ದಿನಕ್ಕೆ ಎರಡು ಪೈಸೆಯಂತೆ ತೀರಿಸುತ್ತ ಬಂದ ಮಹಾನುಭಾವರು ಕುದ್ಮುಲ್ ರಂಗರಾಯರು.